ಮೂವತ್ತೇಳು ಸೊನ್ನೆಗಳ ಊರು

ಶಿವಗಂಗಮ್ಮ ಎಂಬ ಹೆಂಗಸಿನ ಬಗ್ಗೆ ಬರೆಯಬೇಕೆಂದು ಕೂತಿದ್ದೇನೆ. ಹೆಸರು ಕೇಳಿದವರಿಲ್ಲ, ಫೋಟೋ ಎಲ್ಲೂ ಬಂದಿಲ್ಲ. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಡಿಗ್ರಿ ಕೊನೆಯ ವರ್ಷದಲ್ಲಿರುವ ಸಿಂಚನಾ ಎಂಬ ಒಬ್ಬಳೇ ಮಗಳು, ಶಿವಗಂಗಮ್ಮನ ವಯಸ್ಸು ನಲವತ್ತಾರು. ಗಂಡ ಷಡಕ್ಷರಿ ತೀರಿಕೊಂಡು ಒಂಬತ್ತು ವರ್ಷ. ಆ ಹೆಂಗಸಿನ ತಪ್ಪು ಹಿಡಿಯಲು ಹೋದವನು ನಾನು. ಹಾಗಾಗಿ ಅವರ ವಿಷಯ ಹೇಳಲು ನನಗಿಂತ ಯೋಗ್ಯರು ಬೇಕಾದಷ್ಟು ಜನ ಇರಬಹುದು, ಆದರೆ ಆ ಎರಡು ದಿನ ಜೊತೆಗಿದ್ದವನು ನಾನೊಬ್ಬನೇ.

ನನ್ನ ಹೆಸರು ಪರಮಶಿವಯ್ಯ. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕ್ವಾಲಿಟಿ ಚೆಕಿಂಗ್ ಮಾಡಿದವನು. ಬೋಲ್ಟು ಅಳತೆಗಿಂತ ಕೂದಲೆಳೆಯಷ್ಟು ದಪ್ಪವಿದ್ದರೂ ರಿಜೆಕ್ಟ್ ಡಬ್ಬಕ್ಕೆ ಎಸೆಯುತ್ತಿದ್ದೆ. 'ದೇವರನ್ನು ತಂದು ನಿಲ್ಲಿಸಿದರೂ ಈಯಪ್ಪ ರಿಜೆಕ್ಟ್ ಮಾಡ್ತಾನೆ' ಅಂತ ಹುಡುಗರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಹೆಂಡತಿಯ ಸಾರನ್ನು ಚೆಕ್ ಮಾಡಲು ಶುರು ಮಾಡಿದೆ. ಅವಳು ತಡೆಯಲಾರದೆ, ಎಲ್ಲಾದರೂ ಕೆಲಸ ನೋಡಿಕೊಳ್ಳಿ ಅಂತ ಹೊರಗೆ ಅಟ್ಟಿದಳು. ಹಾಗೆ ಸೇರಿದ್ದು ತುಮಕೂರಿನ ಒಂದು ಸಂಶೋಧನಾ ಕೇಂದ್ರಕ್ಕೆ. ಜನರಿಗೆ ಸುಖ ಎಲ್ಲಿಂದ ಬರುತ್ತದೆ ಎಂದು ಅವರು ಅಳೆಯುತ್ತಿದ್ದರು.

ಸುಖವನ್ನು ಅಳೆಯುವುದು! ಮೊದಲ ದಿನ ಕೇಳಿ ನಗು ಬಂದಿತ್ತು. ಆದರೆ ಕೇಂದ್ರದ ಡೈರೆಕ್ಟರ್ ಅನುಪಮಾ ಮೇಡಂ ತಮಾಷೆಯ ಹೆಂಗಸಲ್ಲ. ತರಬೇತಿಯಲ್ಲಿ ನಮ್ಮನ್ನು ಕೂರಿಸಿಕೊಂಡು ಹೇಳಿದರು: ಒಂದೇ ಗುಂಪಿನ ಜನರನ್ನು ಹರೆಯದಿಂದ ಮುಪ್ಪಿನವರೆಗೂ ಹಿಂಬಾಲಿಸಿದ ಅಧ್ಯಯನಗಳಿವೆ. ಹೊಟ್ಟೆ ಬಟ್ಟೆಗೆ ಆಗುವವರೆಗೆ ದುಡ್ಡು ಸುಖ ಕೊಡುತ್ತದೆ, ಆಮೇಲೆ ಅದರ ಕೈ ಚಿಕ್ಕದಾಗುತ್ತಾ ಹೋಗುತ್ತದೆ. ಹೊಸ ಮನೆ, ಹೊಸ ಗಾಡಿಯ ಖುಷಿ ಕೆಲವು ತಿಂಗಳಲ್ಲಿ ಅಭ್ಯಾಸವಾಗಿಬಿಡುತ್ತದೆ. ಕೊನೆಯವರೆಗೆ ನಿಲ್ಲುವುದು ಒಂದೇ, ಕಷ್ಟಕ್ಕೆ ಕರೆದರೆ ಬರುವ ಜನ ಇದ್ದಾರೆ ಎಂಬ ಧೈರ್ಯ. ಇದು ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲೂ ನಿಜವೇ ಎಂದು ನೋಡಬೇಕಿತ್ತು.

ಫಾರಂನಲ್ಲಿ ನಲವತ್ತು ಪ್ರಶ್ನೆ. ಹತ್ತು ಮೆಟ್ಟಿಲ ಏಣಿಯ ಚಿತ್ರ ತೋರಿಸಿ 'ನಿಮ್ಮ ಬದುಕು ಈಗ ಯಾವ ಮೆಟ್ಟಿಲಲ್ಲಿದೆ' ಎಂದು ಕೇಳಬೇಕು. ಆಮೇಲೆ ಮುಖ್ಯವಾದದ್ದು: 'ನಿಮಗೆ ಕಷ್ಟ ಬಂದಾಗ ಸಹಾಯಕ್ಕೆ ಬರುವವರು ಎಷ್ಟು ಜನ? ಅವರು ನಿಮಗೆ ಏನಾಗಬೇಕು?' ಶಿವಗಂಗಮ್ಮನಂಥವರು ಮನೆಮನೆಗೆ ಹೋಗಿ ಇದನ್ನೆಲ್ಲ ಟ್ಯಾಬ್‌ನಲ್ಲಿ ತುಂಬಬೇಕು. ಅವರು ನಿಜವಾಗಿ ಹೋದರೋ, ಮರದ ನೆರಳಲ್ಲಿ ಕೂತು ಒತ್ತಿದರೋ ಎಂದು ಪತ್ತೆ ಹಚ್ಚುವುದು ನನ್ನ ಕೆಲಸ.

ಡಿಸೆಂಬರ್ ಮೊದಲ ವಾರ, ಒಂದು ಮಂಗಳವಾರ ಸಂಜೆ ಮೇಡಂ ನನ್ನನ್ನು ಕರೆದರು. ಕಂಪ್ಯೂಟರಿನ ತುಂಬ ಕೆಂಪು ಗೆರೆಗಳು.

"ಪರಮಶಿವಯ್ಯನವರೇ, ಇದು ನೋಡಿ. ಬೆಳ್ಳಾವಿ ಹೋಬಳಿಯ ಒಂದೇ ಹಳ್ಳಿ. ಮೂವತ್ತೆಂಟು ಮನೆ. ಸಹಾಯಕ್ಕೆ ಎಷ್ಟು ಜನ ಅಂದ್ರೆ ಮೂವತ್ತೇಳು ಮನೇಲಿ ಸೊನ್ನೆ. ಒಂದೇ ಊರಲ್ಲಿ ಇಷ್ಟು ಜನ ಒಂಟಿಯಾಗಿರೋಕೆ ಸಾಧ್ಯಾನಾ?"

"ಒತ್ತಿರೋದು ಯಾರು?"

"ಶಿವಗಂಗಮ್ಮ. ಏಳು ವರ್ಷದಿಂದ ಇದಾರೆ, ಒಂದು ದೂರಿಲ್ಲ. ಶುಕ್ರವಾರ ಡೇಟಾ ಲಾಕ್ ಆಗುತ್ತೆ, ಆಮೇಲೆ ತಿದ್ದೋಕಾಗಲ್ಲ. ನಾಳೆ ಹೋಗಿ ಬನ್ನಿ. ಸುಳ್ಳಾಗಿದ್ರೆ ಗುರುವಾರ ಹತ್ತು ಗಂಟೆಗೆ ವಿಚಾರಣೆ, ಅವತ್ತೇ ಕೆಲಸದಿಂದ ತೆಗೀತೀನಿ."

ನನಗೆ ಅನುಮಾನವೇ ಇರಲಿಲ್ಲ. ಒಂದೇ ಅಚ್ಚಿನಲ್ಲಿ ಮೂವತ್ತೇಳು ಬೋಲ್ಟು ಒಂದೇ ತಪ್ಪಿನೊಂದಿಗೆ ಬಂದರೆ ತಪ್ಪು ಅಚ್ಚಿನದೇ. ಈಯಮ್ಮ ಕಳ್ಳಿ ಎಂದು ಬಸ್ ಹತ್ತುವ ಮುಂಚೆಯೇ ತೀರ್ಮಾನ ಮಾಡಿಬಿಟ್ಟಿದ್ದೆ.

ಮನೆ ತೋರಿಸಲು ಶಿವಗಂಗಮ್ಮ ಜೊತೆಗೆ ಬರಬೇಕು, ಆದರೆ ನಾನು ಮಾತಾಡುವಾಗ ಕೇಳದಷ್ಟು ದೂರ ನಿಲ್ಲಬೇಕು. ಅದು ನಿಯಮ. ಬಸ್ಸಿನಲ್ಲಿ ಅವರು ನನ್ನ ಪಕ್ಕದ ಸೀಟಿನಲ್ಲಿ ಬ್ಯಾಗು ತಬ್ಬಿಕೊಂಡು ಕೂತಿದ್ದರು.  ಬೆಳ್ಳಾವಿ ದಾಟಿದ ಮೇಲೆ ಒಂದೇ ಮಾತು ಕೇಳಿದರು.

"ಸಾರ್, ಎಲ್ಲಾ ಮನೇನೂ ಚೆಕ್ ಮಾಡ್ತೀರಾ?"

"ಕೆಂಪು ಬಂದಿರೋದ್ರಲ್ಲಿ ಐದು. ಯಾಕೆ?"

"ಸುಮ್ನೆ ಕೇಳ್ದೆ."

ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಕಳ್ಳರ ಉಸಿರನ್ನು ನಾನು ಬಹಳ ಕೇಳಿದ್ದೇನೆ.

ಊರಿನ ಹೆಸರು ಹೇಳುವುದಿಲ್ಲ, ಹೇಳಬಾರದೆಂದು ಸಹಿ ಹಾಕಿದ್ದೇನೆ. ರಾಗಿ ಕುಯ್ಲಿನ ಕಾಲ. ತೆಂಗಿನ ಸಾಲುಗಳ ನಡುವೆ ರಾಗಿ ಹಾಕುವ ಊರು ಅದು, ಕುಯ್ಯುವ ಮಿಷನ್ ಮರಗಳ ಮಧ್ಯೆ ತಿರುಗುವುದಿಲ್ಲ, ಹಾಗಾಗಿ ಎಲ್ಲ ಕೈಯಲ್ಲೇ ಕುಯ್ಯುತ್ತಾರೆ. ಮೊದಲ ಮನೆಯಲ್ಲಿ ಕೇಳಿದೆ. ಸೊನ್ನೆ. ಎರಡನೆಯ ಮನೆಯಲ್ಲಿ ಏಣಿ ತೋರಿಸಿದರೆ ಅಜ್ಜಿ "ಏಣಿ ಹತ್ತಾಕೆ ನಂಗೆ ಮಂಡಿ ನೋವು ಕಣಪ್ಪ" ಅಂದು ನಕ್ಕಳು. ಸಹಾಯಕ್ಕೆ ಯಾರು ಬರ್ತಾರೆ ಅಂದೆ. ನಗು ನಿಂತಿತು. "ಯಾರೂ ಇಲ್ಲ." ಮೂರನೆಯ ಮನೆಯಲ್ಲೂ ಸೊನ್ನೆ. ಮೂವರೂ ಆ ಮಾತನ್ನು ಹೇಳುವಾಗ ತಲೆ ತಗ್ಗಿಸಲಿಲ್ಲ, ಎತ್ತಿದರು. ನನಗೆ ಅದು ವಿಚಿತ್ರವೆನಿಸಿತು. ಈಯಮ್ಮ ಊರಿಗೆಲ್ಲ ಮೊದಲೇ ಹೇಳಿಕೊಟ್ಟು ಹೋಗಿದ್ದಾಳೋ ಹೇಗೆ ಅಂತಲೂ ಅನ್ನಿಸಿತು.

ನಾಲ್ಕನೆಯದು ಚನ್ನಬಸವಯ್ಯ ಎಂಬ ಮುದುಕರ ಮನೆ. ಅವರು ಕಣದ ಅಂಚಿನಲ್ಲಿ ಕಲ್ಲಿನ ಮೇಲೆ ಕೂತಿದ್ದರು. ಕಣದಲ್ಲಿ ಏಳೆಂಟು ಜನ ರಾಗಿಯ ಹೊರೆಗಳನ್ನು ತಂದು ಮೆದೆ ಒಟ್ಟುತ್ತಿದ್ದರು. ಅವರಲ್ಲಿ ಎರಡನೆಯ ಮನೆಯ ಅಜ್ಜಿಯ ಸೊಸೆಯೂ ಇದ್ದಳು.

"ಕಷ್ಟಕ್ಕೆ ಸಹಾಯ ಮಾಡೋರು ಎಷ್ಟು ಜನ ಇದಾರೆ ಯಜಮಾನ್ರೇ?"

"ಸಹಾಯನಾ? ನಾನ್ ಯಾರ್ ಮುಂದೆ ಕೈ ಒಡ್ಡಿದೀನಿ ಅಂತ ಕೇಳ್ತಿದೀಯಪ್ಪ? ಒಬ್ರೂ ಇಲ್ಲ."

ನನ್ನ ಪಿತ್ತ ನೆತ್ತಿಗೇರಿತು. "ಮತ್ತೆ ಇವರೆಲ್ಲ ಯಾರು? ಕೂಲಿಯವರಾ?"

"ಕೂಲಿ ಗೀಲಿ ಅಂದ್ರೆ ಅವ್ರು ಮೆದೆ ಇಳ್ದು ಬಂದು ನಿನ್ನ ಒದೀತಾರೆ, ಮೆಲ್ಲಗೆ ಮಾತಾಡು. ಮುಯ್ಯಾಳು ಕಣಯ್ಯ. ಇವತ್ತು ಅವ್ರು ನಮ್ಮನೇಗೆ ಬಂದವ್ರೆ, ನಾಳಿದ್ದು ನಮ್ಮನೆಯೋರು ಅವ್ರ ಹೊಲಕ್ಕೆ ಹೋಯ್ತಾರೆ. ಅದುನ್ನ ಯಾರಾನ ಸಹಾಯ ಅಂತಾರಾ? ಸಹಾಯ ಅಂದ್ರೆ ಇಸ್ಕಂಡು ಸುಮ್ಕಿರೋದು. ಅಂಥ ಬಾಳು ನಮ್ಗೆ ಬಂದಿಲ್ಲ ಬುಡು."

ನಾನು ಕುಣಿಗಲ್ ಪೇಟೆಯಲ್ಲಿ ದರ್ಜಿಯ ಮಗನಾಗಿ ಬೆಳೆದವನು. ಮುಯ್ಯಾಳು ಎಂಬ ಮಾತನ್ನು ಕೇಳಿದ್ದೆ, ಕಂಡಿರಲಿಲ್ಲ. ಕಣದ ಅಂಚಿನಲ್ಲಿ ಪೆದ್ದನ ಹಾಗೆ ನಿಂತೆ. ಈ ಊರಿನ ಜನ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬರಿಗೊಬ್ಬರು ಎಷ್ಟು ಕಟ್ಟಿಕೊಂಡು ಬದುಕಿದ್ದರೆಂದರೆ ಸಹಾಯ ಎಂಬ ಮಾತು ಅವರಿಗೆ ಬೈಗುಳವಾಗಿತ್ತು. ನಮ್ಮ ಪ್ರಶ್ನೆ ಅವರನ್ನು 'ನೀವು ಭಿಕ್ಷೆ ಬೇಡುತ್ತೀರಾ' ಎಂದು ಕೇಳುತ್ತಿತ್ತು. ಶಿವಗಂಗಮ್ಮ ಜನ ಹೇಳಿದ್ದನ್ನು ಹೇಳಿದ ಹಾಗೆ ಒತ್ತಿದ್ದರು. ಮೂವತ್ತೇಳು ಸೊನ್ನೆಯೂ ಅಪ್ಪಟ.

ಐದನೆಯ ಮನೆ ಮುಗಿಸಿ ಹುಣಸೆಮರದ ಕೆಳಗೆ ಬಂದೆ. ಶಿವಗಂಗಮ್ಮ ಅಲ್ಲೇ ನಿಂತಿದ್ದರು.

"ನಿಮ್ಮ ಫಾರಂಗಳು ಸರಿ ಇವೆ ಕಣಮ್ಮ. ನನ್ನದೇ ತಪ್ಪು ತಿಳುವಳಿಕೆ" ಅಂದೆ. ಇಷ್ಟು ಹೇಳಲು ನನ್ನಂಥವನಿಗೆ ಎಷ್ಟು ಕಷ್ಟವಾಯಿತೆಂದು ನನ್ನ ಹೆಂಡತಿಗೆ ಗೊತ್ತಾಗುತ್ತಿತ್ತು. ಶಿವಗಂಗಮ್ಮನ ಮುಖ ಅರಳಿತು. "ಹಂಗಾದ್ರೆ ಹನ್ನೆರಡೂವರೆ ಬಸ್ಸು ಸಿಗುತ್ತೆ ಸಾರ್" ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡರು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಕಾರ್ಖಾನೆಯಲ್ಲಿ ನನ್ನದೊಂದು ಪದ್ಧತಿಯಿತ್ತು. ರಿಜೆಕ್ಟ್ ಡಬ್ಬದ ಐದು ನೋಡಿದ ಮೇಲೆ ಪಾಸಾದ ಡಬ್ಬದಿಂದಲೂ ಒಂದನ್ನು ಎತ್ತಿ ನೋಡುತ್ತಿದ್ದೆ. ಮೂವತ್ತೇಳು ಸೊನ್ನೆಗಳ ನಡುವೆ ಒಂದು ಫಾರಂ ಮಾತ್ರ ಕೆಂಪಾಗದೆ ಉಳಿದಿತ್ತಲ್ಲ, ಅದನ್ನು ತೆರೆದೆ. ಹದಿನೇಳನೇ ನಂಬರು. ಹೆಸರು ಬಸವಲಿಂಗಮ್ಮ, ಐವತ್ತೆರಡು ವರ್ಷ. ಏಣಿಯಲ್ಲಿ ಏಳನೇ ಮೆಟ್ಟಿಲು, ಇಡೀ ಊರಿಗೇ ಎತ್ತರ. ಸಹಾಯಕ್ಕೆ ಬರುವವರು: ಒಬ್ಬರು. ಸಂಬಂಧ: ತಂಗಿ.

ಕೆಳಗೆ ಸಮಯ ತೋರಿಸುತ್ತಿತ್ತು. ಬೇರೆ ಫಾರಂಗಳಿಗೆಲ್ಲ ಮೂವತ್ತೈದು, ನಲವತ್ತು ನಿಮಿಷ. ಇದಕ್ಕೆ ನಾಲ್ಕು. ತುಂಬಿದ ಜಾಗವೂ ಇತ್ತು. ಗುಬ್ಬಿ ಬಸ್ ಸ್ಟ್ಯಾಂಡ್.

ನಾನು ತಲೆ ಎತ್ತಿದೆ. ಶಿವಗಂಗಮ್ಮ ಹೆಗಲಿನ ಬ್ಯಾಗನ್ನು ಕೆಳಗಿಳಿಸಿದ್ದರು.

"ಈ ಮನೆ ಎಲ್ಲಮ್ಮ?"

"ಸಾರ್, ಅದು ಕೆಂಪು ಬಂದಿಲ್ವಲ್ಲ."

"ಮನೆ ಎಲ್ಲಿ ಅಂತ ಕೇಳಿದೆ."

ಅವರು ಕೈ ತೋರಿಸಲಿಲ್ಲ. ಹುಣಸೆಮರದ ಬೇರಿನ ಮೇಲೆ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದರು. ಬಸವಲಿಂಗಮ್ಮ ಅವರ ಒಡಹುಟ್ಟಿದ ಅಕ್ಕ. ಅಕ್ಕತಂಗಿಯರಿಬ್ಬರನ್ನೂ ಇದೇ ಊರಿಗೆ ಕೊಟ್ಟಿದ್ದರು. ಒಂಬತ್ತು ವರ್ಷದ ಹಿಂದೆ ಷಡಕ್ಷರಿ ತೆಂಗಿನ ಮರದಿಂದ ಬಿದ್ದ. ತುಮಕೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿ ಸತ್ತ. ಕಾರ್ಯ ಮುಗಿದ ಹದಿನೈದನೇ ದಿನಕ್ಕೆ ಶಿವಗಂಗಮ್ಮ ಮಗಳ ಕೈ ಹಿಡಿದು ಶೆಟ್ಟಿಹಳ್ಳಿಗೆ ಬಂದರು, ಹಿರೇಹಳ್ಳಿಯ ಗಾರ್ಮೆಂಟ್ಸ್‌ಗೆ ಸೇರಿದರು. ಮರವನ್ನು ದಿನಾ ನೋಡುತ್ತಾ ಆ ಊರಿನಲ್ಲಿ ಇರಲಾಗಲಿಲ್ಲ. ಅವತ್ತಿನಿಂದ ಅಕ್ಕ ಮಾತು ಬಿಟ್ಟಳು. ತನ್ನ ಮೊಮ್ಮಗುವಿನ ನಾಮಕರಣಕ್ಕೂ ಕರೆಯಲಿಲ್ಲ.

"ಹೊಲ ಮೈದುನಂಗೆ ಬಿಟ್ಟು ಹೋದೆ ಅಂತ ಸಿಟ್ಟಿರಬೇಕು. ನಂಗೆ ಇವತ್ತಿಗೂ ಗೊತ್ತಿಲ್ಲ ಸಾರ್. ಲಿಸ್ಟಲ್ಲಿ ಅಕ್ಕನ ಹೆಸರು ಬಂತು. ಮೂರು ಸಲ ಹೋದೆ, ಮೂರು ಸಲಾನೂ ನನ್ನ ನೋಡಿ ಬಾಗಿಲು ಹಾಕ್ಕಂಡ್ಲು."

"ನೆಂಟರ ಮನೆ ಬಂದ್ರೆ ಹೇಳ್ಬೇಕು ಅಂತ ನಿಯಮ ಇದೆ. ಬೇರೆಯವರನ್ನ ಕಳಿಸ್ತಿದ್ರು."

"ಹೇಳಿದ್ರೆ ಇಡೀ ಊರು ಕೈಬಿಟ್ಟು ಹೋಗ್ತಿತ್ತು. ಒಂದು ಸಲ ಆದ್ರೂ ಕೆಲಸದ ನೆವದಲ್ಲಿ ಈ ಊರಿಗೆ ಬರಾನ ಅನ್ನಿಸ್ತು." ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚುತ್ತಾ ಅಂದರು, "ಗುಬ್ಬಿ ಬಸ್ ಸ್ಟ್ಯಾಂಡಲ್ಲಿ ಕೂತು ತುಂಬಿದೆ. ಅಕ್ಕನ ಬಗ್ಗೆ ಎಲ್ಲಾ ಗೊತ್ತಲ್ಲ ನಂಗೆ. ಆ ಪ್ರಶ್ನೆ ಬಂದಾಗ ಸೊನ್ನೆ ಒತ್ತಾಕೆ ಬೆರಳು ಬರ್ಲಿಲ್ಲ."

ಕಂಪ್ಯೂಟರು ಮೂವತ್ತೇಳು ಸತ್ಯಗಳನ್ನು ಹಿಡಿದುಹಾಕಿ ಒಂದೇ ಒಂದು ಸುಳ್ಳನ್ನು ಪಾಸು ಮಾಡಿತ್ತು. ನನಗೆ ಅಯ್ಯೋ ಅನ್ನಿಸಿತು, ಸಿಟ್ಟೂ ಬಂತು. ಒಂದು ಸುಳ್ಳು ಫಾರಂ ಸಿಕ್ಕರೂ ಕೆಲಸದಿಂದ ತೆಗೆಯುವುದು ಕೇಂದ್ರದ ನಿಯಮ. ನಲವತ್ತಾರರಲ್ಲಿ ಕೆಲಸ ಹೋದರೆ ಮತ್ತೆ ಗಾರ್ಮೆಂಟ್ಸ್‌ನವರೂ ಸೇರಿಸುವುದಿಲ್ಲ, ಸಿಂಚನಾಳ ಕೊನೆಯ ಪರೀಕ್ಷೆಗೆ ಇನ್ನೂ ಐದು ತಿಂಗಳಿತ್ತು.

"ಅಕ್ಕನ್ನ ಕೇಳಲೇಬೇಕಾ ಸಾರ್?"

"ಕೇಳಲೇಬೇಕು."

ಮಾತು ಕೇಳಿಸದಷ್ಟು ದೂರದಲ್ಲಿ, ಮನೆಯ ಬೇಲಿಯ ಹತ್ತಿರ ಅವರು ನಿಂತರು. ನಾನು ಒಳಗೆ ಹೋದೆ. ಬಸವಲಿಂಗಮ್ಮ ಜಗುಲಿಯಲ್ಲಿ ಕೂತು ಕುಡುಗೋಲು ಮಸೆಯುತ್ತಿದ್ದರು. ಹಣೆಯಲ್ಲಿ ವಿಭೂತಿ, ಎಡ ಮಂಡಿಗೆ ಬಟ್ಟೆ ಕಟ್ಟಿತ್ತು. ಬೇಲಿಯಾಚೆ ಯಾರಿದ್ದಾರೆಂದು ಒಂದು ಸಲ ನೋಡಿದರು, ಮತ್ತೆ ನೋಡಲಿಲ್ಲ.

"ಅಲ್ಲಿ ನಿಂತಿದಾರಲ್ಲ, ಆಯಮ್ಮ ನಿಮ್ಮ ಮನೆಗೆ ಬಂದಿದ್ರಾ?"

"ಬಂದಿದ್ಲು. ಮೂರು ದಪ."

"ಪ್ರಶ್ನೆ ಕೇಳಿದ್ರಾ?"

ಕುಡುಗೋಲು ಕಲ್ಲಿನ ಮೇಲೆ ಎರಡು ಸಲ ಹೋಗಿ ಬಂತು. ಒಂದು ಸುಳ್ಳು ಸಾಕಿತ್ತು, 'ಕೇಳಿದ್ಲು' ಅಂದಿದ್ದರೆ ನಾನೂ ಹಾಗೇ ಬರೆದುಕೊಳ್ಳುತ್ತಿದ್ದೆ. 

"ಇಲ್ಲ. ನಾನು ಬಾಗ್ಲು ತೆಗೀಲಿಲ್ಲ" ಅಂದರು ಆಯಮ್ಮ.

ಹಾಗಾದರೆ ನಿಯಮದ ಪ್ರಕಾರ ನಾನೇ ಮೊದಲಿಂದ ಕೇಳಬೇಕು. ಕೇಳುತ್ತಾ ಹೋದೆ. ಏಣಿ ತೋರಿಸಿದರೆ ನಾಲ್ಕನೇ ಮೆಟ್ಟಿಲಿನ ಮೇಲೆ ಬೆರಳಿಟ್ಟರು. ಸಹಾಯದ ಪ್ರಶ್ನೆ ಬಂದಾಗ ನಾನೊಂದು ತಪ್ಪು ಮಾಡಿದೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮಾಡದ ತಪ್ಪು. ಹಳೆಯ ಫಾರಂನಲ್ಲಿ ಏನಿದೆಯೆಂದು ಹೇಳಬಾರದು, ಹೇಳಿಬಿಟ್ಟೆ.

"ಇಲ್ಲಿ ಶಿವಗಂಗಮ್ಮ 'ಒಬ್ಬರು' ಅಂತ ಒತ್ತಿದಾರೆ. ತಂಗಿ ಅಂತ."

ಮಸೆಯುವ ಕೈ ನಿಂತಿತು.

"ತಂಗಿ ಅಂತ ಬರ್ದವ್ಳಾ?" ಆಯಮ್ಮನ ದನಿ ಏರಿತು. "ಅವ್ಳ ಗಂಡ ಆಸ್ಪತ್ರೇಲಿ ಬಿದ್ದಾಗ ಹೊಲದಲ್ಲಿ ರಾಗಿ ನಿಂತಿತ್ತು. ಹನ್ನೊಂದು ಮನೆಯೋರು ಹೋಗಿ ಕುಯ್ದು ಮೆದೆ ಹಾಕುದ್ರು. ಕರ್ದೋಳು ಯಾರು? ನಾನು. ನನ್ ತಂಗಿ ಮುಯ್ಯಿ ತೀರುಸ್ತಾಳೆ ಅಂತ ಮಾತು ಕೊಟ್ಟೋಳು ನಾನು. ಅವ್ಳು ಮಗೀನ ಕಟ್ಕಂಡು ಹೇಳ್ದೆ ಕೇಳ್ದೆ ಟೌನಿಗೆ ಹೋದ್ಲು. ಹನ್ನೊಂದು ಮನೆ ಹೊಲಕ್ಕೂ ನಾನ್ ಹೋದೆ. ನಂದೊಂದಿನ, ಅವ್ಳುದೊಂದಿನ. ಈ ಮಂಡಿ ನೋಡು, ಅವತ್ತು ಹಿಡ್ದಿದ್ದು ಇವತ್ತಿಗೂ ಬುಟ್ಟಿಲ್ಲ."

"ಅವರಿಗೆ ಗೊತ್ತಿಲ್ಲಮ್ಮ ಇದು."

"ನಾನ್ಯಾಕೆ ಹೇಳ್ಲಿ? ನಂಗೆ ಅವ್ಳು ಮುಯ್ಯಿ ತೀರುಸ್ನಿಲ್ಲ ಅಂತ ಸಿಟ್ಟಲ್ಲ. ಅಕ್ಕ, ನಾನು ಹೋಯ್ತೀನಿ, ನಂದು ನೀನು ನೋಡ್ಕ ಅಂತ ಒಂದ್ ಮಾತು ಹೇಳಿದ್ರೆ ನೂರು ಮನೆ ಕುಯ್ತಿದ್ದೆ." ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ. ಎದ್ದು ನಿಂತು ಬೇಲಿಯ ಕಡೆ ನೋಡದೆ ನನಗೇ ಹೇಳಿದರು, "ನಾಳೆ ಬೆಳಿಗ್ಗೆ ನಮ್ಮ ಹೊಲ ಕುಯ್ಲು. ಆರು ಗಂಟೆಗೆ ಸಾಲು ಹಿಡೀತಾರೆ. ಬರ್ಯಾದು ಬರ್ದವ್ಳಲ್ಲ, ಬಂದು ತೋರ್ಸು ಅನ್ನು. ಬರ್ನಿಲ್ಲ ಅಂದ್ರೆ ನಂಗೆ ತಂಗಿ ಇಲ್ಲ."

ಒಳಗೆ ಹೋದರು. ನನ್ನ ಫಾರಂ ಅರ್ಧಕ್ಕೇ ನಿಂತಿತು.

ಬಸ್ ಸ್ಟಾಪಿನಲ್ಲಿ ಶಿವಗಂಗಮ್ಮನಿಗೆ ಎಲ್ಲವನ್ನೂ ಹೇಳಿದೆ. ಹನ್ನೊಂದು ಮನೆ ಅಂದಾಗ ಅವರು ನನ್ನ ಮುಖವನ್ನೇ ನೋಡಿದರು.

"ಊರೋರು ಪಾಪ ಅಂತ ಮುಯ್ಯಿ ಬಿಟ್ಟುಬಿಟ್ರು ಅಂದ್ಕಂಡಿದ್ದೆ" ಅಂದರು. "ಗಂಡ ಸತ್ತೋಳು, ಬಿಡು ಅಂತ."

"ನಿಮ್ಮ ಅಕ್ಕ ಬಿಡಲಿಲ್ಲ."

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ರಸ್ತೆಯಲ್ಲಿ ಹೋಗುವವರು ನನ್ನನ್ನು ಕೆಟ್ಟದಾಗಿ ನೋಡಿದರು. ನಾನು ಸುಮ್ಮನಿರಬೇಕಿತ್ತು, ಆದರೆ ಗುರುವಾರದ ವಿಷಯ ಹೇಳಲೇಬೇಕಿತ್ತು.

"ನೋಡಿ ಶಿವಗಂಗಮ್ಮ, ನಾನು ಸುಳ್ಳು ವರದಿ ಬರೆಯೋನಲ್ಲ. ಹದಿನೇಳನೇ ಫಾರಂ ಬಗ್ಗೆ ಬರೀತೀನಿ. ಆದರೆ ನಾಳೆ ಹತ್ತು ಗಂಟೆಗೆ ನೀವು ಮೇಡಂ ಮುಂದೆ ಬಂದು ನಿಂತು ತಪ್ಪಾಯ್ತು ಅಂದ್ರೆ, ಏಳು ವರ್ಷದ ಕೆಲಸ ನೋಡಿ ಎಚ್ಚರಿಕೆ ಕೊಟ್ಟು ಬಿಡಬಹುದು. ನಾನೂ ಹೇಳ್ತೀನಿ. ಬರಲಿಲ್ಲ ಅಂದ್ರೆ ಮುಗೀತು. ಆ ಹೊಲಕ್ಕೆ ಭಾನುವಾರ ಹೋಗಿ."

"ಭಾನುವಾರಕ್ಕೆ ಕುಯ್ಲು ಮುಗ್ದಿರ್ತದೆ ಸಾರ್."

"ಅಕ್ಕ ಎಲ್ಲಿ ಹೋಗ್ತಾರೆ? ಒಂದು ವಾರ ಬಿಟ್ಟು ಕಾಲಿಗೆ ಬಿದ್ದರಾಯ್ತು. ಕೆಲಸ ಹೋದ್ರೆ ಬರಲ್ಲ."

 ಬಸ್ ಬಂತು.  ತುಮಕೂರಿನಲ್ಲಿ ಇಳಿಯುವಾಗ "ಹತ್ತು ಗಂಟೆ ಅಲ್ವಾ ಸಾರ್" ಎಂದು ಕೇಳಿದರು. ಬರುತ್ತಾರೆ ಅಂದುಕೊಂಡೆ. ನನ್ನ ಬುದ್ಧಿಗೆ ಅದೇ ಸರಿಯಾಗಿ ಕಂಡಿತ್ತು.

ಗುರುವಾರ ಒಂಬತ್ತೂವರೆಗೇ ಆಫೀಸಿನಲ್ಲಿ ಕೂತಿದ್ದೆ. ಗೇಟಿನ ಸದ್ದಾದಾಗಲೆಲ್ಲ ಕಿಟಕಿಯಲ್ಲಿ ಇಣುಕಿದೆ. ಹತ್ತಾಯಿತು. ಫೋನು ಮಾಡಿದೆ, ರಿಂಗಾಗಿ ನಿಂತಿತು. ಹತ್ತೂಕಾಲಿಗೆ ಮೇಡಂ ಒಳಗೆ ಕರೆದರು. ಮುಯ್ಯಾಳಿನ ವಿಷಯ ಹೇಳಿದೆ. ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿ ಕೇಳಿದರು.

"ಅಂದ್ರೆ ನಾವು ಉಲ್ಟಾ ಕೇಳಬೇಕಿತ್ತು. ನಿಮಗೆ ಯಾರು ಬರ್ತಾರೆ ಅಂತ ಅಲ್ಲ, ನೀವು ಯಾರ ಹೊಲಕ್ಕೆ ಹೋಗ್ತೀರಿ ಅಂತ."

"ಹೌದು ಮೇಡಂ. ಹಾಗೆ ಕೇಳಿದ್ರೆ ಲೆಕ್ಕ ಹಾಕೋಕೆ ನಿಮ್ಮ ಟ್ಯಾಬ್ ಸಾಲ್ತಿರ್ಲಿಲ್ಲ."

ಅವರಿಗೆ ಖುಷಿಯಾಗಿತ್ತು. ಆ ಖುಷಿಯ ಸಮಯ ನೋಡಿ ಹದಿನೇಳನೇ ಫಾರಂ ಮುಂದಿಟ್ಟೆ. ಓದಿದರು. ಮುಖ ಗಟ್ಟಿಯಾಯಿತು.

"ಎಲ್ಲಿ ಶಿವಗಂಗಮ್ಮ?"

"ಬರಲ್ಲ ಅನ್ಸುತ್ತೆ ಮೇಡಂ. ಅಕ್ಕನ ಹೊಲಕ್ಕೆ ಹೋಗಿದಾರೆ." ಆಮೇಲೆ ನನಗೆ ಬಂದ ಹಾಗೆಲ್ಲ ಬೇಡಿಕೊಂಡೆ. ಮೂವತ್ತೇಳು ಸತ್ಯವನ್ನು ಧೈರ್ಯವಾಗಿ ತಂದವರು, ಅನುಮಾನ ಬರುತ್ತದೆಂದು ಗೊತ್ತಿದ್ದೂ ಸೊನ್ನೆಯನ್ನು ಸೊನ್ನೆ ಎಂದೇ ಬರೆದವರು ಅಂತೆಲ್ಲ ಹೇಳಿದೆ. ಯಾರಿಗಾದರೂ ಶಿಫಾರಸು ಮಾಡಿದ್ದು ಜೀವನದಲ್ಲಿ ಅದೇ ಮೊದಲು.

"ಒಂದು ಸುಳ್ಳನ್ನ ಒಳಗೆ ಬಿಟ್ಟುಕೊಂಡ್ರೆ ಮಿಕ್ಕ ಸತ್ಯಕ್ಕೂ ಬೆಲೆ ಇರಲ್ಲ ಪರಮಶಿವಯ್ಯನವರೇ. ನೀವೇ ತಾನೆ ಹೀಗೆ ಹೇಳೋರು?"

ನಾನೇ ಹೇಳುತ್ತಿದ್ದ ಮಾತು.  ಮೇಡಂ ಕಾಗದ ಟೈಪ್ ಮಾಡಿಸಿ ಸಹಿ ಹಾಕಿದರು.  "ಆ ಮನೆ ಫಾರಂ ಅರ್ಧ ಇದೆ. ಇವತ್ತೇ ಹೋಗಿ ಮುಗಿಸಿ, ಇದನ್ನೂ ಕೊಟ್ಟುಬಿಡಿ" ಅಂದರು.

ಬಸ್ಸಿನಲ್ಲಿ ಆ ಲಕೋಟೆ ಜೇಬಿನಲ್ಲಿ ಕೆಂಡದ ಹಾಗೆ ಕೂತಿತ್ತು. ಒಂದು ವೇಳೆ ಅವರು ಹೊಲಕ್ಕೂ ಹೋಗದೆ ಮನೆಯಲ್ಲೇ ಬಾಗಿಲು ಹಾಕಿಕೊಂಡು ಅಳುತ್ತಿದ್ದರೆ? ಕೆಲಸವೂ ಇಲ್ಲ, ಅಕ್ಕನೂ ಇಲ್ಲ. ಅಥವಾ ಹೋದವರನ್ನು ಅಕ್ಕ ಎಲ್ಲರೆದುರು ಬೈದು ಅಟ್ಟಿದ್ದರೆ? ನಾನು ಸುಮ್ಮನೆ ಹನ್ನೆರಡೂವರೆ ಬಸ್ಸಿಗೆ ಬಂದುಬಿಟ್ಟಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ. ಆ ಊರಿನ ಸ್ಟಾಪು ಬರುವ ಮುಂಚೆಯೇ ಎದ್ದು ಬಾಗಿಲ ಹತ್ತಿರ ನಿಂತೆ.

ಹೊಲದಲ್ಲಿ ಹದಿನಾಲ್ಕು ಜನ ಸಾಲು ಹಿಡಿದಿದ್ದರು. ದೂರದಿಂದ ಬರೀ ಬೆನ್ನುಗಳು ಕಾಣುತ್ತಿದ್ದವು. ಹತ್ತಿರ ಹೋದಾಗ ಗೊತ್ತಾಯಿತು, ಕೊನೆಯ ತೆಂಗಿನ ಮರದ ಹತ್ತಿರ ಬಸವಲಿಂಗಮ್ಮ, ಪಕ್ಕದ ಸಾಲಿನಲ್ಲಿ ಶಿವಗಂಗಮ್ಮ. ಆಫೀಸಿಗೆ ಬರುವ ಸೀರೆಯನ್ನೇ ಎತ್ತಿ ಕಟ್ಟಿದ್ದರು. ಎಡಗೈ ಬೆರಳಿಗೆ ಬಟ್ಟೆ ಸುತ್ತಿತ್ತು, ಒಂಬತ್ತು ವರ್ಷ ಕುಡುಗೋಲು ಹಿಡಿಯದ ಕೈ. ಎಲ್ಲರ ಸಾಲಿಗಿಂತ ಅವರ ಸಾಲು ನಾಲ್ಕು ಮಾರು ಹಿಂದೆ ಬಿದ್ದಿತ್ತು. ಅಕ್ಕತಂಗಿಯರ ನಡುವೆ ಎರಡು ಮೊಳ ಜಾಗ. ಮಾತಿರಲಿಲ್ಲ. ಬೆಳಿಗ್ಗೆ ಆರರಿಂದಲೂ ಹೀಗೇ, ಒಂದು ಸೊಲ್ಲೂ ಇಲ್ಲ ಎಂದು ಬದುವಿನ ಮೇಲಿದ್ದ ಚನ್ನಬಸವಯ್ಯ ಪಿಸುಗುಟ್ಟಿದರು.

ಲಕೋಟೆ ಕೊಟ್ಟೆ. ಶಿವಗಂಗಮ್ಮ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು. ಬಿಚ್ಚಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು "ಮಗಳಿಗೆ ಹೇಳೇ ಬಂದಿದೀನಿ ಸಾರ್" ಅಂದರು.  ಬಸವಲಿಂಗಮ್ಮ ಕುಯ್ಯುವುದನ್ನು ನಿಲ್ಲಿಸಿ ಆ ಲಕೋಟೆಯನ್ನೇ ನೋಡಿದರು.

"ಏನದು?" ಎಂದು ನನ್ನನ್ನು ಕೇಳಿದರು.

"ಕೆಲಸದಿಂದ ತೆಗೆದಿದಾರೆ. ಹತ್ತು ಗಂಟೆಗೆ ಆಫೀಸಿಗೆ ಬಂದಿದ್ರೆ ಉಳೀಬಹುದಿತ್ತು. ಇಲ್ಲಿಗೆ ಬಂದ್ರು."

 ಸಾಲಿನವರೆಲ್ಲ ಕೈ ನಿಲ್ಲಿಸಿದ್ದರು. ನಾನು ಟ್ಯಾಬ್ ತೆರೆದು, ನಿನ್ನೆ ಅರ್ಧಕ್ಕೆ ನಿಂತಿದ್ದ ಪ್ರಶ್ನೆ 'ನಿಮಗೆ ಕಷ್ಟ ಬಂದಾಗ ಸಹಾಯಕ್ಕೆ ಬರುವವರು ಎಷ್ಟು ಜನ' ಎಂಬುದನ್ನು ಓದಿದೆ. ಕಣ್ಣು ಮಾತ್ರ ಶಿವಗಂಗಮ್ಮನ ಕಡೆಗಿತ್ತು. ಒಬ್ಬರು ಅನ್ನಲಿ, ತಂಗಿ ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿದೆ.

"ಯಾರೂ ಇಲ್ಲ. ಸೊನ್ನೆ ಬರ್ಕ" ಅಂದರು ಬಸವಲಿಂಗಮ್ಮ.

ನನಗೆ ತಡೆಯಲಾಗಲಿಲ್ಲ. "ಏನಮ್ಮ ಇದು! ಕೆಲಸ ಕಳಕೊಂಡು ಬಂದು ಪಕ್ಕದಲ್ಲಿ ನಿಂತಿದಾರೆ, ಕೈ ಕುಯ್ಕೊಂಡಿದಾರೆ, ಇನ್ನೂ ಸೊನ್ನೆ ಅಂತೀರಲ್ಲ."

"ಅವ್ಳೇನು ಸಹಾಯಕ್ಕೆ ಬಂದವ್ಳಾ?" ಆಯಮ್ಮ ನನ್ನ ಮೇಲೆ ರೇಗಿದರು. "ಮುಯ್ಯಿಗೆ ಬಂದವ್ಳೆ. ಸಂಕ್ರಾಂತಿ ಕಳುದ್ ಮೇಲೆ ನಾನೂ ಶೆಟ್ಟಳ್ಳಿಗೆ ಹೋಯ್ತೀನಿ, ಅವ್ಳ ಮಗ್ಳು ಪರೀಕ್ಷೆ ಮುಗ್ಯಾಗಂಟ ಅಡುಗೆ ಗಿಡುಗೆ ನೋಡ್ಕಳಾಕೆ. ಇವ್ಳು ಬೇರೆ ಕೆಲ್ಸ ಹುಡುಕ್ಬೇಕಲ್ಲ. ಇದ್ರಲ್ಲಿ ಸಹಾಯ ಎಲ್ಲೈತೆ? ಸೊನ್ನೆ ಬರ್ಕ ಅಂದ್ರೆ ಬರ್ಕಳಯ್ಯ."

ನಾನು ಸೊನ್ನೆ ಒತ್ತಿದೆ. ಒತ್ತುವಾಗ ಟ್ಯಾಬ್ ಮಂಜಾಗಿ ಕಾಣುತ್ತಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಶಿವಗಂಗಮ್ಮ ಕುಡುಗೋಲು ಹಿಡಿದು ಹಾಗೇ ನಿಂತಿದ್ದರು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಬಸವಲಿಂಗಮ್ಮ ತಂಗಿಯ ಕಡೆ ತಿರುಗಿದರು.

"ಏನೇ ನಿಂತ್ಕಂಡೆ? ಎಲ್ರೂ ಮುಂದಕ್ಕೆ ಹೋದ್ರು. ಕುಯ್ಯೇ."

ಒಂಬತ್ತು ವರ್ಷದಲ್ಲಿ ಅಕ್ಕ ತಂಗಿಗೆ ಆಡಿದ ಮೊದಲ ಮಾತು ಅದು. ಶಿವಗಂಗಮ್ಮ ಬಗ್ಗಿ ರಾಗಿಯ ಬುಡ ಹಿಡಿದರು.